ತಲೆಯಲ್ಲಿ ಜೇನು

ಜೂನ್ 9

ವಟವಟಾ,

ನೀನು ಹಾಸ್ಟೆಲಿಗೆ ಹೊರಟ ಮೇಲೆ ಮನೆಯಲ್ಲಿ ಗೋಡೆ ಗಡಿಯಾರದ ಸದ್ದು ಕೇಳಿಸುತ್ತಿದೆ. ನೀನಿದ್ದಾಗ ಅದು ನಡೆಯುತ್ತದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಅಪ್ಪ ಡಿಪೋದಲ್ಲಿ ಬಸ್ಸು ಬಿಟ್ಟು ಮನೆಗೆ ಬಂದವರೇ "ಎಲ್ಲಿ, ನಮ್ಮ ರೇಡಿಯೋ ಆಫ್ ಆಗೋಯ್ತಾ?" ಎಂದು ನಿನ್ನ ಮಂಚದ ಕಡೆ ನೋಡುತ್ತಾರೆ.

ಈ ಪತ್ರ ಬರೆದು ನನ್ನ ಬೆರಳಿಗೆ ಬೊಬ್ಬೆ ಬಂದಿದೆ. ಬ್ರೈಲ್ ಸ್ಲೇಟಿನ ಕಿಂಡಿಯೊಳಗೆ ಮೊಳೆ ಹಿಡಿದು ಕಾಗದದ ಬೆನ್ನಿಗೆ ಚುಚ್ಚಬೇಕು. ಅದೂ ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ. ಬ್ರೈಲ್ ಕಂಡುಹಿಡಿದವರಿಗೆ ಅಮ್ಮಂದಿರ ಮೇಲೆ ಏನು ಸಿಟ್ಟಿತ್ತೋ! ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನವಿಡೀ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವವಳಿಗೆ ಇದು ಯಾವ ಲೆಕ್ಕ ಎಂದುಕೊಂಡಿದ್ದೆ. ನನ್ನ ಜಂಬ ಇಳಿಯಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಶಾಲೆಯ ಹೆಡ್‌ಮಾಸ್ಟರನ್ನು ನೋಡಿ ಬಂದೆ. ಮಾರ್ಚಿನಲ್ಲಿ ನಿನ್ನನ್ನು ಪರೀಕ್ಷೆಗೆ ಕೂರಿಸುತ್ತಾರಂತೆ. "ನೋಡಮ್ಮಾ, ಚುಕ್ಕೆಯಲ್ಲಾದ್ರೂ ಬರೀಲಿ, ಮೆಷಿನ್ನಲ್ಲಾದ್ರೂ ಬರೀಲಿ, ನಂಗೇನಿಲ್ಲ. ಆದ್ರೆ ಒಂದು ಪುಟ ಅವಳ ಕೈಯಾರೆ ಬರೀಬೇಕು. ಅವಳು ಬಾಯಲ್ಲಿ ಹೇಳೋದು, ಇನ್ಯಾರೋ ಬರೆಯೋದು, ಅದೆಲ್ಲ ಆಗಲ್ಲ" ಎಂದರು. ಅದರಲ್ಲಿ ಪಾಸಾದರೆ ನೀನು ಮನೆಯಲ್ಲೇ ಇದ್ದು ಓದಬಹುದು. ಇಲ್ಲದಿದ್ದರೆ ಹತ್ತನೆಯ ತರಗತಿ ಮುಗಿಯುವವರೆಗೂ ಹಾಸ್ಟೆಲ್ಲೇ ಗತಿ. ಆದ್ದರಿಂದ ಸೋಮಾರಿತನ ಮಾಡದೆ ದಿನಾ ಬರೆ.

ಇನ್ನೊಂದು ಮಾತು. ತಲೆಯಲ್ಲಿ ಜೇನು ಆಗಿದೆಯೇ? ಆಗಿದ್ದರೆ ಮುಚ್ಚಿಡಬೇಡ. ಕೆರೆದು ಗಾಯ ಮಾಡಿಕೊಳ್ಳಬೇಡ.

ನಿನ್ನ ಅಮ್ಮ


ಜೂನ್ 20

ಅಮ್ಮಾ,

ನಿನ್ನ ಪತ್ರ ಓದಿ ನಮ್ಮ ಕೋಣೆಯವರೆಲ್ಲ ಬಿದ್ದು ಬಿದ್ದು ನಕ್ಕರು. ತಲೆಯಲ್ಲಿ ಜೇನು ಆಗಿದ್ದರೆ ಯಾರಾದರೂ ಕೆರೆಯುತ್ತಾರಾ ಅಮ್ಮಾ? ನೆಕ್ಕುತ್ತಾರೆ. ‘ಹ’ ತಿರುಗಿ ಬಿದ್ದರೆ ‘ಜ’ ಆಗುತ್ತದೆ ಎಂದು ರಜೆಯಲ್ಲಿ ಎಷ್ಟು ಸಲ ಹೇಳಿಕೊಟ್ಟಿದ್ದೇನೆ! ನಿನ್ನ ಕಿವಿ ಹಿಂಡಬೇಕು. ಈಗ ಎಲ್ಲರೂ ಬಂದು ನನ್ನ ಜಡೆ ಮುಟ್ಟಿ ಬೆರಳು ಚೀಪುತ್ತಾರೆ. ಬ್ರೈಲ್ ಕಲಿಸುವ ಚುಕ್ಕಿ ಮಿಸ್ ಕೂಡ ನಕ್ಕರು. "ಪಾಪ, ನಿಮ್ಮಮ್ಮಂಗೆ ಕಣ್ಣು ಕಾಣುತ್ತಲ್ಲ, ಅದಕ್ಕೇ ಕಷ್ಟ" ಎಂದರು.

ಹೊಸ ಸುದ್ದಿ ಕೇಳು. ನಮಗೆಲ್ಲ ಟ್ಯಾಬ್ ಬಂದಿದೆ, ಒಬ್ಬೊಬ್ಬರಿಗೆ ಒಂದೊಂದು. ನುಣ್ಣಗೆ ತಣ್ಣಗೆ ಇದೆ. ಬೆರಳಿಟ್ಟ ಕಡೆ ಏನಿದೆ ಎಂದು ಅದೇ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಕಥೆ ಪುಸ್ತಕ ಓದಿ ಹೇಳುತ್ತದೆ. ಒಂದೇ ತೊಂದರೆ, ಅದು ನನಗಿಂತ ಹೆಚ್ಚು ಮಾತಾಡುತ್ತದೆ.

ತಲೆಯಲ್ಲಿ ಹೇನೂ ಇಲ್ಲದ ಜೇನೂ ಇಲ್ಲದ
ನಿನ್ನ ವಟವಟ


ಆಗಸ್ಟ್ 28
(ಯಂತ್ರದಲ್ಲಿ ಮುದ್ರಿಸಿದ್ದು)

ಅಮ್ಮ ಹೇಗಿದ್ದೀಯ ನಾನು ಚೆನ್ನಾಗಿದ್ದೀನಿ ಇದು ಟ್ಯಾಬಲ್ಲಿ ಬರೆದಿದ್ದು ನಾನು ಹೇಳ್ತೀನಿ ಅದು ಬರ್ಕೊಳತ್ತೆ ಕೈ ನೋಯಲ್ಲ ಸ್ಲೇಟು ಎಲ್ಲ ಉಗ್ರಾಣಕ್ಕೆ ಹೋಯ್ತು ಚಿಕ್ಕ ಮೀಸೆ ಈಗ ಚುಕ್ಕೆ ಪಾಠ ಮಾಡಲ್ಲ ಟ್ಯಾಬ್ ಚಾರ್ಜ್ ಮಾಡ್ತಾರೆ ನೀನು ಹೋದ ಪತ್ರದಲ್ಲಿ ಮತ್ತೆ ಕೇಳಿದ್ಯಲ್ಲ ನನ್ನ ತಲೆಯಲ್ಲಿ ಏನು ಇಲ್ಲ ಚಿಕ್ಕ ಮೀಸೆ ಚೆನ್ನಾಗಿ ಬಾಚಿ ನೋಡಿ ಏನು ಇಲ್ಲ ಅಂದರು ಅಮ್ಮ ನಿನ್ನ ಚುಕ್ಕೆ ಪತ್ರ ಓದಕ್ಕೆ ತುಂಬ ಹೊತ್ತಾಗತ್ತೆ ಇನ್ಮೇಲೆ ಮಾತಾಡಿ ಕಳಿಸು ಸಾಕು ವಟವಟ


ಸೆಪ್ಟೆಂಬರ್ 4

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರಗಳು.

ನನ್ನ ಮಗಳ ಮುದ್ರಿತ ಪತ್ರ ಬಂತು. ಅವಳ ತಲೆಯಲ್ಲಿ ಏನೂ ಇಲ್ಲವೆಂದು ‘ಚಿಕ್ಕ ಮೀಸೆ’ ಎಂಬ ಯಾರೋ ಹೇಳಿದ್ದಾರೆ ಎಂದಿದೆ. ಓದಿದ ಕೂಡಲೇ ಸಿಟ್ಟು ನೆತ್ತಿಗೇರಿತು. ನನ್ನ ಗಂಡನಂತೂ ಆ ಮೀಸೆಯವನನ್ನು ನೋಡಿಯೇ ಬಿಡುತ್ತೇನೆ ಎಂದು ಚಪ್ಪಲಿ ಮೆಟ್ಟಿ ನಿಂತರು. ಆಮೇಲೆ ನನಗೆ ಹೊಳೆಯಿತು. ಅವಳು ಹೇಳಿದ್ದು ಹೇನು, ಯಂತ್ರ ಬರೆದುಕೊಂಡದ್ದು ಏನು. ಚಿಕ್ಕ ಮೀಸೆ ಎಂದರೆ ಚುಕ್ಕಿ ಮಿಸ್.

ನಕ್ಕಿದ್ದಾಯಿತು. ಆದರೆ ಪತ್ರವನ್ನು ಮತ್ತೆ ಓದಿದಾಗ ನಗು ಬರಲಿಲ್ಲ. ಈ ತಪ್ಪುಗಳು ಬಿದ್ದಿವೆ ಎಂಬುದೇ ಅವಳಿಗೆ ಗೊತ್ತಿಲ್ಲ. ಜೂನಿನಲ್ಲಿ ನನ್ನ ಒಂದು ಅಕ್ಷರ ತಿರುಗಿ ಬಿದ್ದದ್ದನ್ನು ಹಿಡಿದು ಗೇಲಿ ಮಾಡಿದ ಮಗು ಇದೇನಾ ಎನ್ನಿಸಿತು. ಮಾರ್ಚಿನಲ್ಲಿ ಅವಳು ನಮ್ಮ ಬೀದಿಯ ಶಾಲೆಯ ಪರೀಕ್ಷೆಗೆ ಒಂದು ಪುಟ ಕೈಯಾರೆ ಬರೆಯಬೇಕಿದೆ. ಬರೆದರೆ ಮನೆಗೆ ಬರುತ್ತಾಳೆ. ಟ್ಯಾಬ್ ಇರಲಿ, ಅದರ ಮೇಲೆ ನನಗೆ ದ್ವೇಷವಿಲ್ಲ. ಜೊತೆಗೆ ದಿನಕ್ಕೆ ಅರ್ಧ ಗಂಟೆ ಸ್ಲೇಟನ್ನೂ ಕೊಡಿಸಿ ಎಂದು ಬೇಡುತ್ತೇನೆ.

ಇಂತಿ,
ನಾಲ್ಕನೆಯ ತರಗತಿಯ ವಟವಟ ಎಂಬ ಹುಡುಗಿಯ ತಾಯಿ


ಸೆಪ್ಟೆಂಬರ್ 24

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ತಮ್ಮ ಕಳಕಳಿಯನ್ನು ಗೌರವಿಸುತ್ತೇವೆ. ದಾನಿ ಸಂಸ್ಥೆಯವರ ಷರತ್ತಿನಂತೆ ಈ ವರ್ಷದಿಂದ ನಮ್ಮ ಶಾಲೆಯ ಎಲ್ಲ ಕಲಿಕೆಯೂ ಟ್ಯಾಬಿನಲ್ಲೇ ನಡೆಯುತ್ತದೆ. ಹಳೆಯ ಪರಿಕರಗಳನ್ನು ಉಗ್ರಾಣದಲ್ಲಿ ಸುರಕ್ಷಿತವಾಗಿ ಇರಿಸಲಾಗಿದೆ. ಮಕ್ಕಳು ಸಂತೋಷದಿಂದ ಕಲಿಯುತ್ತಿರುವುದನ್ನು ಕಂಡು ಭೇಟಿಗೆ ಬಂದ ಗಣ್ಯರೆಲ್ಲರೂ ಮೆಚ್ಚಿದ್ದಾರೆ. ಪೋಷಕರು ಕಾಲಕ್ಕೆ ತಕ್ಕಂತೆ ಬದಲಾಗಬೇಕೆಂದು ಕೋರುತ್ತೇವೆ.

ಹೇನಿನ ವಿಷಯದಲ್ಲಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ


ಅಕ್ಟೋಬರ್ 21

ಚುಕ್ಕಿ ಮಿಸ್ ಅವರಿಗೆ,

ನಿಮ್ಮ ಮೇಡಂ ಅವರಿಗೆ ಬರೆದು ಸಾಕಾಯಿತು. ನಾನು ಮಗುವಿನ ಬಗ್ಗೆ ಕೇಳಿದರೆ ಅವರು ಗಣ್ಯರ ಬಗ್ಗೆ ಹೇಳುತ್ತಾರೆ. ಹೇನಿಗೆ ಸೂಕ್ತ ಕ್ರಮವಂತೆ! ನೋಟಿಸು ಕೊಡುತ್ತಾರೋ ಏನೋ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ರಜೆಗೆ ಬಂದಿದ್ದಾಗ ಅವಳ ಮುಂದೆ ನನ್ನ ಸ್ಲೇಟು ಇಟ್ಟು, "ಹಣ್ಣು ಅಂತ ಬರಿ ನೋಡೋಣ" ಎಂದೆ. ‘ಅಣ್ಣು’ ಎಂದು ಬರೆದಳು. ಹಾಲು ಎಂದೆ, ‘ಆಲು’ ಎಂದು ಬರೆದಳು. ‘ಹ’ ಎಲ್ಲಿ ಹೋಯಿತೇ ಎಂದು ಕೇಳಿದರೆ, "ಟ್ಯಾಬೂ ಎಷ್ಟೋ ಸಲ ಹಾಗೇ ಬರ್ಕೊಳತ್ತೆ, ಯಾರೂ ಬೈಯಲ್ಲ" ಎಂದಳು. ಇನ್ನೊಮ್ಮೆ ಬರೆ ಎಂದು ಕೈ ಹಿಡಿದೆ. ಸ್ಲೇಟು ಕಿತ್ತು ಎಸೆದಳು. ಅದು ಹೋಗಿ ಅಪ್ಪನ ಮೊಣಕಾಲಿಗೆ ಬಡಿಯಿತು. ನಾನು ಒಂದು ಏಟು ಕೊಡುವುದಕ್ಕೆ ಕೈ ಎತ್ತಿದೆ. ಅವಳಿಗೆ ಕಾಣುವುದಿಲ್ಲ, ಆದರೂ ಗೊತ್ತಾಗಿ ಕುತ್ತಿಗೆ ಒಳಗೆಳೆದುಕೊಂಡಳು. ಕೈ ಹಾಗೇ ಕೆಳಗಿಳಿಯಿತು. ಆಮೇಲೆ ರಜೆ ಮುಗಿಯುವವರೆಗೂ ನಮ್ಮ ಮನೆಯಲ್ಲಿ ಗಡಿಯಾರದ ಸದ್ದೇ ಕೇಳಿಸಿತು.

ಕಣ್ಣು ಕಾಣುವ ಮಕ್ಕಳ ಶಾಲೆಯಲ್ಲಿ ಪೆನ್ಸಿಲ್ ಕಿತ್ತುಕೊಂಡು "ಇನ್ನು ಮೇಲೆ ಬರೀ ಕೇಳಿಸ್ಕೊಳ್ರಪ್ಪ" ಎಂದರೆ ಅಪ್ಪ ಅಮ್ಮಂದಿರು ಸುಮ್ಮನಿರುತ್ತಾರಾ ಮಿಸ್? ನಮ್ಮ ಮಕ್ಕಳಿಗೆ ಮಾತ್ರ ಇದು ಸಾಕು ಎಂದು ಯಾರು ತೀರ್ಮಾನ ಮಾಡಿದರು? ನನಗೆ ಹೊಟ್ಟೆ ಉರಿಯುತ್ತಿದೆ. ಉಗ್ರಾಣದ ಬೀಗದ ಕೈ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಅವಳಿಗೊಂದು ಸ್ಲೇಟು ತೆಗೆದುಕೊಡಿ.

ಇಂತಿ,
ವಟವಟಳ ಅಮ್ಮ


ನವೆಂಬರ್ 6
(ಯಂತ್ರದಲ್ಲಿ ಮುದ್ರಿಸಿದ್ದು)

ಅಮ್ಮ. ಮಿಸ್ ಹತ್ರ ಕೂತು ಇದನ್ನ ಹೇಳ್ತಾ ಇದೀನಿ. ತಪ್ಪು ತಿದ್ದಿ ಫುಲ್‌ಸ್ಟಾಪ್ ಎಲ್ಲ ಅವರೇ ಹಾಕಿದ್ದಾರೆ.

ನೀನು ಮಿಸ್‌ಗೆ ಬರೆದಿದ್ದನ್ನ ನಂಗೆ ಓದಿ ಹೇಳಿದ್ರು. ನೀನು ಟ್ಯಾಬನ್ನ ಬೈದ್ರೆ ನಂಗೆ ಅಳು ಬರತ್ತೆ. ನಮ್ಮ ಶಾಲೆ ಲೈಬ್ರರಿಲಿ ಚುಕ್ಕೆ ಪುಸ್ತಕ ಒಂದೇ ಒಂದು ಕಪಾಟು ಇರೋದು. ಎಲ್ಲಾನೂ ಓದಿ ಆಗಿದೆ. ಕೆಲವು ಎಷ್ಟು ಹಳೇದು ಅಂದ್ರೆ ಚುಕ್ಕೆ ಸವೆದು ಹೋಗಿ ಕೊನೇಲಿ ಏನಾಯ್ತು ಅಂತಾನೇ ಗೊತ್ತಾಗಲ್ಲ. ಟ್ಯಾಬಲ್ಲಿ ಕಥೆ ಮುಗಿಯತ್ತೆ ಅಮ್ಮ. ಇನ್ನೊಂದು ಬೇಕು ಅಂದ್ರೆ ಇನ್ನೊಂದು ಬರತ್ತೆ. ಯಾರನ್ನೂ ಓದಿ ಹೇಳಿ ಅಂತ ಅಂಗಲಾಚಬೇಕಾಗಿಲ್ಲ. ನೀನು ಸಾಯಂಕಾಲ ಅಂಗಡಿಯಿಂದ ಸುಸ್ತಾಗಿ ಬಂದು ನಂಗೆ ಓದ್ತಾ ಓದ್ತಾ ನಿದ್ದೆ ಮಾಡ್ಬಿಡ್ತಿದ್ದೆ. ಟ್ಯಾಬ್ ನಿದ್ದೆ ಮಾಡಲ್ಲ.

ಚುಕ್ಕೆ ಮರೆತು ಹೋಗ್ತಿದೆ ಅಂತ ನಂಗೂ ಗೊತ್ತು. ಹಣ್ಣು ತಪ್ಪಾಯ್ತು ಅಂತ ನೀನು ಹೇಳೋ ಮುಂಚೇನೇ ಗೊತ್ತಾಯ್ತು. ಅದಕ್ಕೇ ಎಸೆದೆ.

ಅಪ್ಪನ ಕಾಲು ಹೇಗಿದೆ.

ವಟವಟ


ಡಿಸೆಂಬರ್ 12

ವಟವಟಳ ಅಮ್ಮನವರಿಗೆ,

ಉಗ್ರಾಣದ ಬೀಗದ ಕೈ ನನ್ನ ಬಳಿ ಇಲ್ಲ. ಇದ್ದಿದ್ದರೆ ನಿಮ್ಮ ಪತ್ರಕ್ಕೆ ಕಾಯುತ್ತಿರಲಿಲ್ಲ. ಹದಿನಾರು ವರ್ಷ ಚುಕ್ಕೆ ಕಲಿಸಿದವಳು ಈಗ ವೈರು ಸಿಕ್ಕಿಸಿ ಬಿಚ್ಚಿ ದಿನ ಕಳೆಯುತ್ತಿದ್ದೇನೆ. ನಾನೂ ಅಂಧೆಯೇ ಆದ್ದರಿಂದ ಯಾವ ವೈರು ಯಾವುದಕ್ಕೆ ಎಂದು ತಡಕಾಡುವಾಗ ಮಕ್ಕಳೇ ಸಹಾಯ ಮಾಡುತ್ತಾರೆ.

ಆದರೆ ನೀವು ತಿಳಿದಿರಬೇಕಾದ ಒಂದು ಸಂಗತಿ ಇದೆ. ಜಗಳ ಸ್ಲೇಟಿಗೂ ಟ್ಯಾಬಿಗೂ ಅಲ್ಲ. ಟ್ಯಾಬಿನ ಒಳಗೇ ಚುಕ್ಕೆ ಬರಹವಿದೆ. ಗಾಜಿನ ಮೇಲೆ ಎರಡೂ ಕೈಗಳಿಂದ ಮೂರು ಮೂರು ಬೆರಳಿಟ್ಟರೆ ಅವೇ ಆರು ಚುಕ್ಕೆಗಳಾಗುತ್ತವೆ. ‘ಹ’ ಬೇಕಾದರೆ ‘ಹ’ಕಾರದ ಮೂರು ಬೆರಳನ್ನು ಒಟ್ಟಿಗೆ ಒತ್ತಬೇಕು, ಅಷ್ಟೆ. ಬರೆದದ್ದನ್ನು ಅದೇ ಓದಿ ಹೇಳುತ್ತದೆ. ನನ್ನ ಸ್ವಂತ ಫೋನಿನಲ್ಲಿ ನಾನು ಹೀಗೆಯೇ ಬರೆಯುವುದು, ಈ ಪತ್ರವನ್ನೂ.

ಹಾಗಾದರೆ ಮಕ್ಕಳಿಗೇಕೆ ಕಲಿಸುತ್ತಿಲ್ಲ ಎನ್ನುತ್ತೀರಿ. ದಾನಿ ಸಂಸ್ಥೆಯವರು ಸೆಟ್ಟಿಂಗ್ಸಿಗೆ ಬೀಗ ಹಾಕಿದ್ದಾರೆ. ಮಕ್ಕಳು ಮುಟ್ಟಿ ಕೆಡಿಸುತ್ತಾರಂತೆ. ಬೀಗ ತೆಗೆಯುವ ಮನುಷ್ಯ ಬರುವ ತಿಂಗಳು ಬರುತ್ತಾನೆ ಎನ್ನುವುದನ್ನು ಆಗಸ್ಟಿನಿಂದ ಕೇಳುತ್ತಿದ್ದೇನೆ. ಮೇಡಂ ಅವರನ್ನು ಕೇಳಿದರೆ, "ನಡೀತಿರೋದನ್ನ ಯಾಕ್ರೀ ಕೆದಕ್ತೀರಾ?" ಎನ್ನುತ್ತಾರೆ. ಬೇರೆ ಯಾವುದಾದರೂ ಹಳೆಯ ಟ್ಯಾಬ್ ನಿಮಗೆ ಸಿಕ್ಕರೆ ಕಳುಹಿಸಿ. ಮಿಕ್ಕದ್ದು ನನಗಿರಲಿ.

ಸ್ಲೇಟಿನಲ್ಲಿ ತಿರುಗಿಸಿ ಚುಚ್ಚಿ ಅಭ್ಯಾಸವಾದ ಕೈ ಗಾಜಿನ ಮೇಲೆ ಒಮ್ಮೊಮ್ಮೆ ತಿರುವುಮುರುವಾಗುತ್ತದೆ. ಅದಕ್ಕೆ ಹೆದರಬೇಡಿ.

ಇಂತಿ,
ಚಿಕ್ಕ ಮೀಸೆ


ಜನವರಿ 8

ವಟವಟಾ,

ಈ ಪೊಟ್ಟಣದಲ್ಲಿರುವುದು ನಮ್ಮ ಅಂಗಡಿಯ ಟ್ಯಾಬ್. ಗಿರಾಕಿಗಳಿಗೆ ಚೌಕಟ್ಟುಗಳ ಚಿತ್ರ ತೋರಿಸಲು ಇಟ್ಟಿದ್ದರು. ಮೂಲೆಯಲ್ಲಿ ಬಿರುಕಿದೆ, ಬೆರಳು ಹುಷಾರು. ನಮ್ಮ ಯಜಮಾನರನ್ನು ಕೇಳಿದಾಗ ಮೂಗು ಮುರಿದರು. ನಾನು ಬಿಡಲಿಲ್ಲ. ಕೊನೆಗೆ ಅವರು ಒಪ್ಪಿದ್ದು ನನ್ನ ಮಾತಿಗಲ್ಲ, ಟ್ಯಾಬಿನ ಮಾತಿಗೆ.

ನಿನಗೆ ಆಗುತ್ತದೋ ಇಲ್ಲವೋ ನೋಡಲು ಅಂಗಡಿಯಲ್ಲೇ ಅದರ ಬಾಯಿ ಬಿಡಿಸೋಣ ಎಂದು ಏನೋ ಒತ್ತಿದೆ. ಬಾಯಿ ಬಂತು, ಆದರೆ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಮುಟ್ಟಿದರೆ ಹೆಸರು ಹೇಳುತ್ತದೆ, ತೆರೆಯುವುದಿಲ್ಲ. ಎಳೆದರೆ ಜರುಗುವುದಿಲ್ಲ. ಯಾರೋ ದೊಡ್ಡ ಮನುಷ್ಯರು ಕನ್ನಡಿಯ ಮುಂದೆ ನಿಂತು ಚೌಕಟ್ಟು ಆರಿಸುತ್ತಿದ್ದರು. ಅವರು ಹೊಸದೊಂದನ್ನು ಮೂಗಿಗೇರಿಸಿದಾಗಲೆಲ್ಲ ಇದು ನನ್ನ ಬೆರಳಿನಡಿ ಗಟ್ಟಿಯಾಗಿ "ಹಳೆಯ ಮಾದರಿ, ಬಟನ್" ಎನ್ನುತ್ತಿತ್ತು. ಅವರು ಮುಖ ಗಂಟು ಹಾಕಿಕೊಂಡು ಹೊರಟೇ ಹೋದರು. "ಮೊದ್ಲು ಈ ಪಿಶಾಚೀನ ಅಂಗಡಿಯಿಂದ ಆಚೆ ಹಾಕಮ್ಮಾ!" ಎಂದು ಯಜಮಾನರು ಕೈ ಮುಗಿದರು.

ಮನೆಗೆ ತಂದು ಅದರ ಜೊತೆ ಗುದ್ದಾಡಿ, ಸಿಟ್ಟು ಬಂದು, ಸಾಕಾಗಿ ಕಣ್ಣು ಮುಚ್ಚಿ ಕೂತೆ. ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿದೆ. ಆಗ ದಾರಿ ಸಿಕ್ಕಿತು. ಇಷ್ಟು ಹೊತ್ತೂ ನಾನು ನೋಡುತ್ತಿದ್ದೆ, ಅದು ಹೇಳುವುದನ್ನು ಕೇಳುತ್ತಿರಲಿಲ್ಲ. ನಿನ್ನ ಟ್ಯಾಬನ್ನು ಇನ್ನು ಮೇಲೆ ಬೈಯುವುದಿಲ್ಲ ಮಗಳೇ. ಅದಕ್ಕೆ ಬೀಗ ಹಾಕಿದವರನ್ನು ಮಾತ್ರ ಬೈಯುತ್ತೇನೆ, ಅದಕ್ಕೆ ನೀನು ಅಡ್ಡ ಬರಬೇಡ.

ಕಥೆಗಳನ್ನು ಎಷ್ಟು ಬೇಕಾದರೂ ಕೇಳು. ಆದರೆ ನಿನ್ನ ಹೆಸರನ್ನು, ನಿನ್ನ ಸಿಟ್ಟನ್ನು ನೀನೇ ಬರೆಯಬೇಕು. ನನಗೆ ನೀನು ಮನೆಗೆ ಬರಬೇಕು.

ಅಪ್ಪನ ಮೊಣಕಾಲು ಸರಿಯಾಗಿದೆ. ಕುಂಟುವುದನ್ನು ಮಾತ್ರ ಬಿಟ್ಟಿಲ್ಲ, ಡಿಪೋದಲ್ಲಿ ರಜೆ ಕೇಳಲು ಅನುಕೂಲವಂತೆ.

ನಿನ್ನ ಅಮ್ಮ


ಮಾರ್ಚ್ 18

ಮಾನ್ಯರೇ,

ತಮ್ಮ ಮಗಳು ಕಳೆದ ವಾರ ನಮ್ಮ ಶಾಲೆಯಲ್ಲಿ ಬರೆದ ಪರೀಕ್ಷೆಯ ಬಗ್ಗೆ ವಿಷಾದದಿಂದ ಈ ಪತ್ರ ಬರೆಯಬೇಕಾಗಿದೆ. ಕೊಠಡಿಯಲ್ಲಿದ್ದ ಮೇಲ್ವಿಚಾರಕರ ಪ್ರಕಾರ, ಮಗು ಉದ್ದಕ್ಕೂ ತಾನು ತಂದಿದ್ದ ಟ್ಯಾಬಿನ ಮೇಲೆ ಬಾಗಿ ತುಟಿಯಲ್ಲೇ ಏನೋ ಪಿಸುಗುಡುತ್ತಿತ್ತು. ಯಂತ್ರಕ್ಕೆ ಮಾತಿನಲ್ಲಿ ಹೇಳಿ ಬರೆಸಿರುವ ಸಾಧ್ಯತೆ ಇದೆ. ಉತ್ತರ ಪತ್ರಿಕೆಯೂ ಅದನ್ನೇ ಸೂಚಿಸುತ್ತದೆ. ‘ನಮ್ಮ ಮನೆ’ ಎಂಬ ಪ್ರಬಂಧ ಒಟ್ಟಾರೆ ಸೊಗಸಾಗಿದ್ದರೂ, ‘ನನ್ನ ತಲೆಯಲ್ಲಿ ಜೇನು ಆದರೆ ಅಮ್ಮ ಅಂಗಡಿಗೆ ರಜೆ ಹಾಕಿ ಬಾಚುತ್ತಾಳೆ’ ಎಂಬ ಅರ್ಥವಿಲ್ಲದ ವಾಕ್ಯವಿದೆ. ತಿಳಿದು ಬರೆದ ಮಗು ಹೀಗೆ ಬರೆಯದು. ಇದು ಯಂತ್ರ ತಪ್ಪಾಗಿ ಕೇಳಿಸಿಕೊಂಡದ್ದು. ಕೈಯಾರೆ ಬರೆಯಬೇಕೆಂಬ ನಿಯಮ ತಮಗೆ ಮೊದಲೇ ತಿಳಿಸಲಾಗಿತ್ತು. ಆದ್ದರಿಂದ ಪ್ರವೇಶ ನೀಡಲು ಸಾಧ್ಯವಾಗುತ್ತಿಲ್ಲ.

ಇಂತಿ,
ಹೆಡ್‌ಮಾಸ್ಟರ್


ಮಾರ್ಚ್ 27

ಮಾನ್ಯ ಹೆಡ್‌ಮಾಸ್ಟರರಿಗೆ,

ನಿಮ್ಮ ಪತ್ರ ಓದಿ ಮೊದಲು ತಲೆ ಚಚ್ಚಿಕೊಂಡೆ, ಆಮೇಲೆ ಒಬ್ಬಳೇ ಕೂತು ನಕ್ಕೆ, ಆಮೇಲೆ ಅತ್ತೆ. ಈಗ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಕಡಿಮೆಯಾದರೆ ನೀವೇ ತಿದ್ದಿಕೊಳ್ಳಿ.

ಪಿಸುಗುಟ್ಟಿದಳು ಎಂದಿರಿ. ಸ್ವಾಮಿ, ಅವಳು ನಿದ್ದೆಯಲ್ಲೂ ಪಿಸುಗುಡುತ್ತಾಳೆ. ವಟವಟ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಬರೆಯುವಾಗ ತುಟಿ ಆಡಿಸುವ ಮಕ್ಕಳು ನಿಮ್ಮ ಶಾಲೆಯಲ್ಲಿ ಒಬ್ಬರೂ ಇಲ್ಲವೇ? ಅವರನ್ನೆಲ್ಲ ಮನೆಗೆ ಕಳಿಸಿದ್ದೀರಾ?

ಇನ್ನು ಜೇನಿನ ವಿಷಯ. ಅದು ಹೇನು ಎಂದಾಗಬೇಕಿತ್ತು. ಬ್ರೈಲಿನಲ್ಲಿ ‘ಹ’ ಎಡಬಲ ತಿರುಗಿದರೆ ‘ಜ’ ಆಗುತ್ತದೆ. ಕಿವಿಯಿಂದ ಈ ತಪ್ಪು ಆಗುವುದಿಲ್ಲ. ‘ಹೇನು’ ಎಂದದ್ದು ಯಾವ ಕಿವಿಗಾದರೂ ‘ಜೇನು’ ಎಂದು ಕೇಳಿಸುತ್ತದೆಯೇ? ಇದು ಬೆರಳಿನಿಂದ ಮಾತ್ರ ಆಗುವ ತಪ್ಪು. ಸ್ಲೇಟಿನಲ್ಲಿ ತಿರುಗಿಸಿ ಚುಚ್ಚಲು ಕಲಿತ ಬೆರಳಿನಿಂದ. ಕಳೆದ ಜೂನಿನಲ್ಲಿ ನಾನೇ ಮಾಡಿದ್ದೆ. ಆ ಪತ್ರವನ್ನು ಅವಳಿಂದ ತರಿಸಿ ಇದರ ಜೊತೆ ಇಟ್ಟಿದ್ದೇನೆ, ಬ್ರೈಲ್ ಬಲ್ಲವರಿಗೆ ತೋರಿಸಿ. ಆಗಸ್ಟಿನಲ್ಲಿ ಅವಳು ಯಂತ್ರಕ್ಕೆ ಹೇಳಿ ಬರೆಸಿದ ಪತ್ರವೂ ಇದೆ. ಅದರಲ್ಲಿ ಅದೇ ಹೇನು ಏನಾಗಿದೆ ಎಂದು ನೋಡಿ.

ಇಷ್ಟಾದ ಮೇಲೂ ನಂಬಿಕೆ ಬರದಿದ್ದರೆ ನೀವೇ ಒಂದು ಟ್ಯಾಬ್ ಹಿಡಿದು ‘ತಲೆಯಲ್ಲಿ ಹೇನು’ ಎಂದು ಹೇಳಿ. ಗಂಟಲು ಹರಿಯುವವರೆಗೂ ಹೇಳಿ. ಅದು ‘ಜೇನು’ ಎಂದು ಬರೆದರೆ ನಾನು ಮತ್ತೆ ನಿಮ್ಮ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ.

ಸೊಗಸಾಗಿ ಬರೆದರೆ ಯಂತ್ರ ಬರೆದದ್ದು, ತಪ್ಪು ಬರೆದರೂ ಯಂತ್ರ ಬರೆದದ್ದು ಎಂದರೆ ನಮ್ಮ ಮಗು ಏನು ಬರೆಯಬೇಕು ಹೇಳಿ. ಬರೆದದ್ದು ಅವಳು.

ಇಂತಿ,
ಅವಳ ತಾಯಿ


ಏಪ್ರಿಲ್ 3

ಮಾನ್ಯರೇ,

ತಾವು ಹೇಳಿದಂತೆ ಪರೀಕ್ಷಿಸಿ ನೋಡಿದೆ. ಯಂತ್ರ ಒಮ್ಮೆ ‘ಏನು’ ಎಂದಿತು, ಒಮ್ಮೆ ‘ಹೇನು’ ಎಂದಿತು. ನಾನು ಎಷ್ಟು ಬಗೆಯಲ್ಲಿ ಹೇಳಿದರೂ ‘ಜೇನು’ ಎನ್ನಲಿಲ್ಲ. ಅಷ್ಟರಲ್ಲಿ ನಮ್ಮ ಗುಮಾಸ್ತರು ಬಾಗಿಲಲ್ಲಿ ಇಣುಕಿ, "ಸಾರ್, ಔಷಧಿ ಏನಾದ್ರೂ ತರಿಸ್ಲಾ?" ಎಂದು ಕೇಳಿದ್ದರಿಂದ ಪರೀಕ್ಷೆಯನ್ನು ಅಲ್ಲಿಗೆ ನಿಲ್ಲಿಸಿದೆ. ತಾವು ಕಳಿಸಿದ ಬ್ರೈಲ್ ಪತ್ರವನ್ನು ಬಲ್ಲವರಿಂದ ಓದಿಸಿದ್ದೇನೆ.

ಜೂನಿನಿಂದ ಮಗು ನಮ್ಮ ಶಾಲೆಗೆ ಬರಲಿ. ಅಕ್ಷರ ತಪ್ಪಿಗೆ ನಿಯಮದಂತೆ ಅರ್ಧ ಅಂಕ ಕಳೆಯಲಾಗಿದೆ.

ಇಂತಿ,
ಹೆಡ್‌ಮಾಸ್ಟರ್


ಏಪ್ರಿಲ್ 11

ಅಮ್ಮಾ,

ಇದನ್ನು ಗಾಜಿನ ಮೇಲೆ ನಾನೇ ಆರು ಬೆರಳಲ್ಲಿ ಬರೆಯುತ್ತಿದ್ದೇನೆ. ಹಣ್ಣು, ಹಾಲು, ಹಾಸಿಗೆ, ಹೆಡ್‌ಮಾಸ್ಟರ್. ನೋಡಿಕೋ, ಒಂದೂ ‘ಹ’ ಬಿಟ್ಟಿಲ್ಲ.

ಅರ್ಧ ಅಂಕ ಕಳೆದರೆ ಕಳೆಯಲಿ. ಆ ‘ಜ’ ಕೈ ತಪ್ಪಿ ಬಿತ್ತೋ, ನೀನು ಓದಿದರೆ ನಗಲಿ ಎಂದು ನಾನೇ ಹಾಕಿದೆನೋ, ನಿನಗೂ ಹೇಳುವುದಿಲ್ಲ, ಹೆಡ್‌ಮಾಸ್ಟರಿಗೂ ಹೇಳುವುದಿಲ್ಲ.

ಬೀಗ ತೆಗೆಯುವ ಮನುಷ್ಯ ಇನ್ನೂ ಬಂದಿಲ್ಲ. ನಮ್ಮ ಕೋಣೆಯವರೆಲ್ಲ ಬಿರುಕಿನ ಟ್ಯಾಬಿಗೆ ಸಾಲು ಹಚ್ಚಿ ಕೂರುತ್ತಾರೆ, ನನ್ನ ಸರದಿ ಎಂದು ಜಡೆ ಹಿಡಿದು ಜಗಳವಾಡುತ್ತಾರೆ. ನಾನು ಮನೆಗೆ ಬಂದ ಮೇಲೆ ಇವರೇನು ಮಾಡಬೇಕು? ಅದನ್ನು ಚುಕ್ಕಿ ಮಿಸ್ ಹತ್ತಿರ ಬಿಟ್ಟು ಬರುತ್ತೇನೆ. ನಿಮ್ಮ ಯಜಮಾನರಿಗೆ ಏನು ಹೇಳುತ್ತೀಯೋ ನೀನೇ ಯೋಚನೆ ಮಾಡು. ನನಗೆ ಬರೆಯಲು ನಿನ್ನ ಸ್ಲೇಟು ಇದೆಯಲ್ಲ, ಎಸೆಯುವುದಿಲ್ಲ.

ಶನಿವಾರ ಕರೆದುಕೊಂಡು ಹೋಗಲು ಬರುವಾಗ ಹೇನಿನ ಬಾಚಣಿಗೆ ತೆಗೆದುಕೊಂಡು ಬಾ. ಈ ಸಲ ‘ಹ’ ಸರಿಯಾಗಿಯೇ ಬಿದ್ದಿದೆ.

ನಿನ್ನ ವಟವಟ